ಬಿರುಕಿಗೆ ಅಂಟಿಸಿದ ಗಾಜು

ಮಾರ್ಚ್ ೪, ಬುಧವಾರ

‘ಪಿ’ ಅಕ್ಷರದ ಕಟ್ಟಿನಲ್ಲಿ ಇವತ್ತು ನನ್ನ ಪಾಲಿಗೆ ಬಂದದ್ದು ‘ಪೋರ್ಟೆಂಡ್’ ಎಂಬ ಇಂಗ್ಲಿಷ್ ಕ್ರಿಯಾಪದ. ನಮ್ಮ ಕಚೇರಿ ತಿದ್ದುತ್ತಿರುವ ಇಂಗ್ಲಿಷ್-ಕನ್ನಡ ನಿಘಂಟಿನ ಹಳೆಯ ಆವೃತ್ತಿಯಲ್ಲಿ ಅದಕ್ಕೆ ಕೊಟ್ಟಿರುವ ಅರ್ಥ ಒಂದೇ ಮಾತು: ಸೂಚಿಸು. ಬರೆದ ಪುಣ್ಯಾತ್ಮರಿಗೆ ಅವತ್ತು ಸಂಜೆಯ ಬಸ್ಸು ತಪ್ಪುವ ಭಯವಿತ್ತೋ ಏನೋ. ಸಭೆಯಲ್ಲಿ ಅಧ್ಯಕ್ಷರ ಹೆಸರು ಸೂಚಿಸುವುದೂ ಸೂಚಿಸುವುದೇ, ರಸ್ತೆಯ ಬಾಣದ ಗುರುತು ಎಡಕ್ಕೆ ಹೋಗೆಂದು ಸೂಚಿಸುವುದೂ ಸೂಚಿಸುವುದೇ. ಈ ಪದ ಅಷ್ಟು ಸಾಧುವಲ್ಲ. ಇವತ್ತು ಕಣ್ಣಿಗೆ ಬಿದ್ದ ಒಂದು ಗುರುತನ್ನು ಮುಂದೆ ಬರಲಿರುವ ದೊಡ್ಡ ಸಂಗತಿಗೆ, ಹೆಚ್ಚಾಗಿ ಕೆಟ್ಟ ಸಂಗತಿಗೆ, ಗಂಟು ಹಾಕುವ ಪದ ಇದು. ಕೇಡಿನ ವಾಸನೆಯೇ ಇಲ್ಲದ ಕಡೆ ಇದನ್ನು ಬಳಸಿದರೆ ಕೇಳಿದವರು ಹುಬ್ಬೇರಿಸುತ್ತಾರೆ.

ಹಾಗೆಂದು ಹಿರಿಯ ಸಂಪಾದಕರಿಗೆ ಹೇಳಿದೆ. ಯಾವಾಗಲೂ ಭೂತಗನ್ನಡಿ ಹಿಡಿದೇ ಓದುವ ಅವರನ್ನು ಬೆನ್ನ ಹಿಂದೆ ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತೇವೆ. ಅದು ಅವರಿಗೂ ಗೊತ್ತು. ಓದುವವರನ್ನು ಸುಮ್ಮನೆ ಯಾಕೆ ಹೆದರಿಸಬೇಕು, ‘ಸೂಚಿಸು’ ಸಾಕಲ್ಲ ಎಂದರು. ಹೆದರಿಸುವುದೂ ನಮ್ಮ ಕೆಲಸವಲ್ಲ, ಸಮಾಧಾನ ಹೇಳುವುದೂ ನಮ್ಮ ಕೆಲಸವಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವುದಷ್ಟೇ ಎಂದೆ. ಅವರು ಭೂತಗನ್ನಡಿಯ ಮೂಲಕ ನನ್ನನ್ನೇ ಒಂದು ಕ್ಷಣ ನೋಡಿ ಮುಂದಿನ ಹಾಳೆ ತೆಗೆದುಕೊಂಡರು. ಗೆದ್ದೆ ಅಂದುಕೊಂಡಿದ್ದೇನೆ.

ಮನೆಗೆ ಬಂದರೆ ಅಕ್ಕನ ಮುಖ ಸಪ್ಪಗಿತ್ತು. ಬೆಳಿಗ್ಗೆ ನಗರಪಾಲಿಕೆಯ ಇಂಜಿನಿಯರ್ ಬಂದು ಗೋಡೆ ನೋಡಿಕೊಂಡು ಹೋದರಂತೆ. ಪಕ್ಕದ ನಿವೇಶನದಲ್ಲಿ ಹೊಸ ಕಟ್ಟಡಕ್ಕೆಂದು ಬಾವಿಯ ಹಾಗೆ ಪಾಯ ತೋಡಲು ಶುರುಮಾಡಿದಾಗಿನಿಂದ ನಮ್ಮ ಕಟ್ಟಡದ ಆ ಬದಿಯ ಗೋಡೆ ಬಿರುಕು ಬಿಟ್ಟಿದೆ. ಕೆಳಗಿನ ಅಂಗಡಿಯಿಂದ ಹೊರಟ ಬಿರುಕು ನಮ್ಮ ಮನೆಯಲ್ಲಿ ಅಕ್ಕನ ಹೊಲಿಗೆ ಕೋಣೆಯನ್ನು ಹಾದು ಮೇಲಿನ ಮನೆಗೆ ಹತ್ತಿದೆ. ಜನವರಿಯಲ್ಲಿ ಇಂಜಿನಿಯರ್ ಬಂದು ಬಿರುಕಿನ ಮೇಲೆ ಅಡ್ಡಲಾಗಿ ತೆಳ್ಳನೆಯ ಒಂದು ಗಾಜಿನ ಪಟ್ಟಿ ಅಂಟಿಸಿ ಅದರ ಮೇಲೆ ತಾರೀಕು ಬರೆದಿದ್ದರು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ, ಒಡೆದರೆ ಕೂಡಲೇ ಫೋನ್ ಮಾಡಿ ಎಂದು ಮೆಟ್ಟಿಲ ಬಳಿ ನಂಬರನ್ನೂ ಅಂಟಿಸಿ ಹೋಗಿದ್ದರು. ಇವತ್ತು ನೋಡಿದರೆ ಗಾಜು ಸರಿಯಾಗಿಯೇ ಇದೆ. ಗೋಡೆ ನೆಲೆ ನಿಂತಿರಬೇಕು, ಮುಂದಿನ ತಿಂಗಳು ಮತ್ತೆ ಬರುತ್ತೇನೆ ಎಂದರಂತೆ.

ಸಂತೋಷದ ಸುದ್ದಿಯಲ್ಲವೇ ಎಂದರೆ ಅಕ್ಕ ತಲೆಯೆತ್ತದೆ ಕಾಜಾ ಹೊಲಿಯುತ್ತ ಕೂತಿದ್ದಳು. ಅವಳಿಗೆ ಸಂತೋಷಪಡುವುದಕ್ಕೂ ಯಾರಾದರೂ ಅಳತೆ ತೆಗೆದು ಕೊಡಬೇಕು.

ಮಾರ್ಚ್ ೮, ಭಾನುವಾರ

ರಜೆಯ ದಿನವೂ ನೆಮ್ಮದಿಯಿಲ್ಲ. ಮಧ್ಯಾಹ್ನ ಮೇಲಿನ ಮನೆಯ ಹೆಂಗಸು ಇಳಿದು ಬಂದು ಬಾಗಿಲಲ್ಲೇ ನಿಂತಳು. ಮಗು ಈಗ ತಾನೇ ಕಣ್ಣು ಮುಚ್ಚಿದೆ, ನಿಮ್ಮ ಮಿಷಿನ್ ಸದ್ದಿಗೆ ಮತ್ತೆ ಎದ್ದರೆ ನಾನು ಸತ್ತೇ ಹೋಗುತ್ತೇನೆ ಎಂದಳು. ಬಾಣಂತನ ಮುಗಿಸಿ ಬಂದು ಇನ್ನೂ ಎರಡು ತಿಂಗಳಾಗಿಲ್ಲ, ಕಣ್ಣ ಕೆಳಗೆ ಕಪ್ಪು ಕಟ್ಟಿದೆ. ಅಕ್ಕ ಸ್ವಿಚ್ ಆರಿಸಿ ಕೈಹೊಲಿಗೆಗೆ ಕೂತಳು. ನಾಳೆಗೆ ಕೊಡಬೇಕಾದ ಶಾಲೆಯ ಯೂನಿಫಾರಂ ರಾಶಿ ಬಿದ್ದಿದೆ. ನಾಲ್ಕು ಮಾತು ಆಡಿ ಕಳಿಸಬಾರದಿತ್ತಾ ಎಂದು ನಾನು ಗೊಣಗಿದೆ. ಹೋಗಲಿ ಬಿಡು ಎಂದಳು. ಅವಳ ಆಯುಷ್ಯವೆಲ್ಲ ಈ ‘ಹೋಗಲಿ ಬಿಡು’ ಎಂಬುದರಲ್ಲೇ ಹೋಯಿತು.

ಸಂಜೆ ಅವಳ ಸೂಜಿ ಮುರಿಯಿತು. ಮುರಿದ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ‘ಇದು ಒಳ್ಳೇದಕ್ಕಲ್ಲ’ ಎಂದಳು. ನನಗೆ ರೇಗಿತು. ಸೂಜಿ ಮುರಿದದ್ದು ದಪ್ಪ ಬಟ್ಟೆಗೆ ಸಣ್ಣ ಸೂಜಿ ಹಾಕಿದ್ದರಿಂದ. ಅದಕ್ಕೂ ನಾಳೆಗೂ ಏನು ಸಂಬಂಧ? ಗುರುತು ಎಂದರೆ ಬರಲಿರುವುದಕ್ಕೂ ಅದಕ್ಕೂ ಒಳಗೆಲ್ಲೋ ನಂಟಿರಬೇಕು. ಮೋಡಕ್ಕೂ ಮಳೆಗೂ ಇದೆ. ಕೆಮ್ಮಿನಲ್ಲಿ ರಕ್ತ ಕಂಡದ್ದಕ್ಕೂ ಕಾಯಿಲೆಗೂ ಇದೆ. ಅಡ್ಡ ಬಂದ ಬೆಕ್ಕಿಗೂ ಮುರಿದ ಸೂಜಿಗೂ ಇಲ್ಲ. ಇಷ್ಟನ್ನೂ ಅವಳಿಗೆ ವಿವರಿಸಿ ಹೇಳಿದೆ. ‘ನೀನು ಓದಿದವಳು ಕಣೇ’ ಎಂದು ಹೊಸ ಸೂಜಿ ಹಾಕಿಕೊಂಡಳು. ಹೊಗಳಿದಳೋ ಕಾಲೆಳೆದಳೋ ತಿಳಿಯಲಿಲ್ಲ.

ಅವಳ ಮೇಲೆ ರೇಗಿದ್ದರಿಂದ ಒಂದು ಲಾಭವಾಯಿತು, ನಮೂದಿನ ಬಳಕೆಯ ಟಿಪ್ಪಣಿ ಹೊಳೆಯಿತು. ಈ ಕ್ರಿಯಾಪದಕ್ಕೆ ಮನುಷ್ಯರು ಕರ್ತೃವಾಗುವುದಿಲ್ಲ. ‘ನಾನು ಪೋರ್ಟೆಂಡ್ ಮಾಡುತ್ತೇನೆ’ ಎಂದು ಯಾರೂ ಹೇಳುವುದಿಲ್ಲ. ಮೋಡ, ಮೌನ, ಜ್ವರ, ಬಿರುಕು, ಇಂಥವೇ ಅದನ್ನು ಮಾಡಬೇಕು. ಅದರ ದಾಯಾದಿಗಳಾದ ‘ಬೋಡ್’ ಮತ್ತು ‘ಆಗರ್’ ಎಂಬ ಪದಗಳಿಗೆ ಬಾಲದಲ್ಲಿ ‘ವೆಲ್’ ಸೇರಿಸಿದರೆ ಶುಭ, ‘ಇಲ್’ ಸೇರಿಸಿದರೆ ಅಶುಭ. ಪೋರ್ಟೆಂಡ್‌ಗೆ ಆ ಬಾಲ ಬೇಕಿಲ್ಲ. ಯುದ್ಧವನ್ನೋ ಬರಗಾಲವನ್ನೋ ನೇರವಾಗಿ ಕೈಹಿಡಿದುಕೊಂಡೇ ಬರುತ್ತದೆ. ಗಂಭೀರ ಬರವಣಿಗೆಯಲ್ಲಿ ಕಾಣುತ್ತದೆಯೇ ಹೊರತು ಅಡುಗೆಮನೆಯ ಮಾತಿನಲ್ಲಿ ಕಾಣುವುದಿಲ್ಲ.

ಮಾರ್ಚ್ ೧೩, ಶುಕ್ರವಾರ

ಅಕ್ಕನಿಗೆ ಜ್ವರ. ಮೂರು ದಿನದಿಂದ ಮಿಷಿನ್ ಸದ್ದಿಲ್ಲ. ಮೇಲಿನವಳಿಗೆ ಹಬ್ಬ. ಗಿರಾಕಿಗಳಿಗೆ ಸಮಾಧಾನ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ಬೆಳಿಗ್ಗೆ ಕಚೇರಿಗೆ ಹೊರಡುವಾಗ ಗಂಜಿ ಮಾಡಿಟ್ಟು ಹೋದೆ, ಸೀದು ಹೋಗಿತ್ತು. ಚೆನ್ನಾಗಿದೆ ಎಂದು ತಿಂದಳು.

ಮಾರ್ಚ್ ೧೬, ಸೋಮವಾರ

ಜ್ವರ ಬಿಟ್ಟಿದೆ. ಮೈಯಲ್ಲಿ ಶಕ್ತಿಯಿಲ್ಲ, ಆದರೂ ಕೆಳಗಿನ ಫ್ರೇಮ್ ಅಂಗಡಿಗೆ ಇಳಿದು ಹೋಗಿ ಬಂದಿದ್ದಾಳೆ. ಏನು ಕೆಲಸವಿತ್ತು ಎಂದರೆ ಅಮ್ಮನ ಫೋಟೋದ ಗಾಜು ಮಸುಕಾಗಿದೆ, ಕೇಳಿ ಬಂದೆ ಎಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಸತ್ತವರ ಮೇಲಿನ ಕಾಳಜಿಯಲ್ಲಿ ಕಾಲು ಭಾಗ ತನ್ನ ಮೇಲೆ ಇಟ್ಟುಕೊಂಡಿದ್ದರೆ ಇವಳ ಮಂಡಿನೋವು ಇಷ್ಟಾಗುತ್ತಿರಲಿಲ್ಲ.

ಮಾರ್ಚ್ ೧೯, ಗುರುವಾರ

ನಮ್ಮ ಕಚೇರಿಯಲ್ಲಿ ಭೂತಗನ್ನಡಿಯವರು ಮಾಡಿಟ್ಟ ಒಂದು ಕಟ್ಟಳೆ ಇದೆ. ಪದದ ಅರ್ಥ ಬರೆದಾದ ಮೇಲೆ ಇಂಗ್ಲಿಷ್ ಬಾರದವರೊಬ್ಬರ ಮುಂದೆ ಅದನ್ನು ಗಟ್ಟಿಯಾಗಿ ಓದಬೇಕು. ಕೇಳಿದವರು ಆ ಅರ್ಥ ಹಿಡಿದುಕೊಂಡು ತಮ್ಮ ಬದುಕಿನದೇ ಒಂದು ಸಂಗತಿ ಹೇಳಬೇಕು. ಹೇಳಿದ್ದು ಹೊಂದಿದರೆ ಪದ ಪಾಸು, ಇಲ್ಲವಾದರೆ ಮತ್ತೆ ಬರೆಯಬೇಕು. ಬೇರೆಯವರು ಕ್ಯಾಂಟೀನಿನವರನ್ನೋ ಕಾವಲುಗಾರರನ್ನೋ ಹಿಡಿಯುತ್ತಾರೆ. ನನಗೆ ಅಕ್ಕ ಇದ್ದಾಳೆ. ‘ಎ’ಯಿಂದ ಇಲ್ಲಿಯವರೆಗೆ ಎಷ್ಟು ಪದ ಕೇಳಿಸಿಕೊಂಡಿದ್ದಾಳೋ. ಮಿಷಿನ್ ಓಡಿಸುತ್ತಲೇ ಕೇಳಿಸಿಕೊಂಡು, ಓದು ಮುಗಿದಾಗ ನಿಲ್ಲಿಸಿ ಉತ್ತರ ಕೊಡುತ್ತಾಳೆ.

ಇವತ್ತು ಸಂಜೆ ಅವಳ ಕೋಣೆಯಲ್ಲಿ ಕೂತು ಓದಿದೆ: ‘ಈಗ ಕಾಣುತ್ತಿರುವ ಒಂದು ಗುರುತು ಮುಂದೆ ಬರಲಿರುವ ದೊಡ್ಡ ಕೇಡನ್ನು ಮೊದಲೇ ತಿಳಿಸುವುದು. ಆ ಕೇಡನ್ನು ಗುರುತು ಉಂಟುಮಾಡುವುದಿಲ್ಲ. ಅದು ಬರುತ್ತಿದೆ ಎಂದಷ್ಟೇ ಹೇಳುತ್ತದೆ.’

ಮಿಷಿನ್ ನಿಂತಿತು. ಇನ್ನೊಂದು ಸಲ ಓದು ಎಂದಳು. ಓದಿದೆ.

‘ಗುರುತನ್ನ ಯಾರಾದ್ರೂ ಅಳಿಸಿಬಿಟ್ರೆ?’ ಎಂದಳು.

‘ಅಳಿಸಿದ್ರೆ ಏನು ಬಂತು? ಬರೋದು ಬಂದೇ ಬರುತ್ತೆ. ಗೊತ್ತಾಗೋದಿಲ್ಲ, ಅಷ್ಟೇ.’

ನಾನು ಹೆಮ್ಮೆಯಿಂದಲೇ ಹೇಳಿದೆ. ನಮೂದಿಗೆ ಇದನ್ನೂ ಸೇರಿಸಬಹುದಲ್ಲ ಎಂಬ ಯೋಚನೆಯೂ ಬಂತು. ಅಷ್ಟರಲ್ಲಿ ಅಕ್ಕ ಗುಂಡಿಗಳ ಡಬ್ಬದ ತಳದಿಂದ ಒಂದು ಬಟ್ಟೆಯ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಒಳಗೆ ಗಾಜಿನ ಚೂರುಗಳಿದ್ದವು. ಒಂದರ ಮೇಲೆ ಇಂಜಿನಿಯರ್ ಬರೆದ ತಾರೀಕಿನ ಅರ್ಧ, ಇನ್ನೊಂದರ ಮೇಲೆ ಉಳಿದರ್ಧ.

‘ಹಾಗಾದ್ರೆ ಬರ್ಕೋ. ನಮ್ಮ ಗೋಡೆ ಗಾಜು ಎರಡು ಸಲ ಒಡೆದಿದೆ.’

ನಿಧಾನಕ್ಕೆ ಒಂದೊಂದೇ ಹೇಳಿದಳು. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಹೊಲಿಯುತ್ತಿದ್ದಾಗಲೇ ಟಿಕ್ ಎಂದು ಸದ್ದಾಗಿ ಪಟ್ಟಿ ನಡುವೆ ಸೀಳಿತಂತೆ. ತನ್ನ ಮಿಷಿನ್ ಅದುರಿಯೇ ಒಡೆಯಿತು ಎಂದುಕೊಂಡಳು. ಮೇಲಿನವರು ಆಗಲೇ ಸದ್ದಿನ ಬಗ್ಗೆ ಮುಖ ಮುರಿಯುತ್ತಿದ್ದರು. ನಿನ್ನ ಮಿಷಿನ್ನೇ ಗೋಡೆ ಒಡೆಯುತ್ತಿದೆ ಎಂದು ಕಟ್ಟಡದವರೆಲ್ಲ ಸೇರಿ ಹೊಲಿಗೆ ನಿಲ್ಲಿಸಿದರೆ? ಅದೊಂದೇ ಭಯಕ್ಕೆ ಫ್ರೇಮ್ ಅಂಗಡಿಯಲ್ಲಿ ಅದೇ ಅಳತೆಗೆ ಗಾಜು ಕೊಯ್ಯಿಸಿ, ಅಂಟಿಸಿ, ತಾರೀಕನ್ನು ಅದೇ ಕೈಬರಹದಲ್ಲಿ ತಿದ್ದಿದ್ದಾಳೆ. ಇಂಜಿನಿಯರ್ ನೋಡಿ ಮೆಚ್ಚಿಕೊಂಡು ಹೋದದ್ದು ಅಕ್ಕನ ಗಾಜನ್ನು. ಅಂಗಡಿಯವರಿಗೂ ಅಮ್ಮನ ಫೋಟೋ ಎಂದೇ ಹೇಳಿದ್ದಳಂತೆ.

‘ಮೊದಲನೇ ಸಲ ಮಿಷಿನ್ನಿಂದ ಅಂತ ನಂಬಿದ್ದೆ ಕಣೇ, ಆಣೆಗೂ. ಎರಡನೇದು ನನಗೆ ಜ್ವರ ಬಂದಾಗ ಒಡೀತು. ಮಿಷಿನ್ ಮುಟ್ಟೇ ಇರಲಿಲ್ಲ. ಮಲಗಿದ್ದಲ್ಲೇ ಕೇಳಿಸ್ತು.’

‘ಗೊತ್ತಿದ್ದೂ ಮತ್ತೆ ಅಂಟಿಸಿದೆಯಾ?’

‘ಅಂಟಿಸಿದೆ. ಈ ಕೋಣೆ ಬಿಟ್ರೆ ನನಗೇನಿದೆ ಹೇಳು.’

ಅಮ್ಮ ಹೋದಾಗ ನನಗೆ ಹನ್ನೊಂದು, ಅವಳಿಗೆ ಇಪ್ಪತ್ತು. ನನ್ನನ್ನು ಓದಿಸಿದ್ದು ಈ ಕೋಣೆ. ಈ ಬೀದಿಯ ಮೂರು ತಲೆಮಾರಿನ ಅಳತೆ ಅವಳ ತಲೆಯಲ್ಲಿದೆ, ಬೀದಿ ಬಿಟ್ಟು ಹೋದರೆ ಅದರಿಂದ ಏನೂ ಉಪಯೋಗವಿಲ್ಲ. ಇಂಜಿನಿಯರ್ ಹತ್ತಿರ ನಾನೇ ಮಾತಾಡುತ್ತೇನೆ, ನೀನು ಚಿಂತೆ ಮಾಡಬೇಡ ಎಂದೆ. ಅವಳು ಮಗುವಿನ ಹಾಗೆ ತಲೆಯಾಡಿಸಿದಳು. ನಾಳೆ ಬೆಳಿಗ್ಗೆ ಮೊದಲು ಅದೇ ಕೆಲಸ.

ಮಾರ್ಚ್ ೨೦, ಶುಕ್ರವಾರ

ಬೆಳಿಗ್ಗೆ ಫೋನ್ ಮಾಡಲಾಗಲಿಲ್ಲ. ‘ಓ’ ಕಟ್ಟಿನ ಮೊದಲ ಪ್ರೂಫ್ ಬಂದಿತ್ತು. ಮಧ್ಯಾಹ್ನ ಮಾಡಿದೆ, ಇಂಜಿನಿಯರ್ ಊಟಕ್ಕೆ ಹೋಗಿದ್ದರು. ಇಂಥ ವಿಷಯವನ್ನು ಬೇರೆಯವರ ಹತ್ತಿರ ಹೇಳುವಂತಿಲ್ಲ. ಸೋಮವಾರ ನೋಡೋಣ.

ಮಾರ್ಚ್ ೨೩, ಸೋಮವಾರ

ನಿಧಾನವಾಗಿ ಯೋಚಿಸಿದರೆ ಅಷ್ಟು ಗಾಬರಿಪಡುವಂಥದ್ದೇನೂ ಇಲ್ಲ ಅನಿಸುತ್ತದೆ. ಹೇಗೂ ಏಪ್ರಿಲ್ ಮೊದಲ ವಾರ ಇಂಜಿನಿಯರ್ ತಾವಾಗಿಯೇ ಬರುತ್ತಾರೆ. ಆಗ ಎದುರು ಕೂರಿಸಿಕೊಂಡು ಅಕ್ಕನ ಮೇಲೆ ತಪ್ಪು ಬಾರದ ಹಾಗೆ ಹೇಳಬಹುದು. ಫೋನಿನಲ್ಲಿ ಹೇಳಿದರೆ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಮೂರನೆಯ ಗಾಜು ಇನ್ನೂ ಗಟ್ಟಿಯಾಗಿದೆ, ದಿನಾ ಬೆಳಿಗ್ಗೆ ಸಂಜೆ ನೋಡುತ್ತಿದ್ದೇನೆ. ಗಾಜು ಒಡೆದರೆ ಗೋಡೆ ಅಲುಗಿದೆ ಎಂದು ಅರ್ಥ, ಬೀಳುತ್ತದೆ ಎಂದೇನೂ ಅಲ್ಲವಲ್ಲ. ಈ ಬೀದಿಯ ಯಾವ ಹಳೆಯ ಕಟ್ಟಡ ಅಲುಗಿಲ್ಲ?

ಹೊಲಿಗೆ ಕೋಣೆಯ ಬಾಗಿಲು ಎರಡು ದಿನದಿಂದ ಬಿಗಿ ಹಿಡಿಯುತ್ತಿತ್ತು, ಅಕ್ಕ ಭುಜ ಕೊಟ್ಟು ತಳ್ಳಬೇಕಾಗಿತ್ತು. ಅಂಚಿಗೆ ಸೋಪು ಸವರಿದೆ. ಈಗ ಸಲೀಸಾಗಿದೆ. ಇಂಥ ಸಣ್ಣಪುಟ್ಟದಕ್ಕೆಲ್ಲ ಬಡಗಿಯನ್ನು ಕರೆಯುವ ಅಗತ್ಯವೇ ಇಲ್ಲ.

ನಮೂದನ್ನು ಮತ್ತೊಮ್ಮೆ ಓದಿದಾಗ ಸ್ವಲ್ಪ ಕಟುವಾಯಿತು ಅನಿಸಿತು. ತಿದ್ದಿದ್ದೇನೆ: ‘ಮುಂದೆ ಆಗಬಹುದಾದ, ಆಗದೆಯೂ ಇರಬಹುದಾದ ಒಳ್ಳೆಯ ಅಥವಾ ಕೆಟ್ಟ ಸಂಗತಿಯನ್ನು ಸೂಚಿಸು.’ ಭೂತಗನ್ನಡಿಯವರು ಹೇಳುವುದರಲ್ಲೂ ಸತ್ಯವಿದೆ. ಓದುವವರನ್ನು ಸುಮ್ಮನೆ ಯಾಕೆ ಹೆದರಿಸಬೇಕು.

ಮಾರ್ಚ್ ೨೫, ಬುಧವಾರ

ನಮೂದು ಒಪ್ಪಿಸಿದೆ. ಭೂತಗನ್ನಡಿಯವರು ಒಮ್ಮೆ ಓದಿ, ಭೂತಗನ್ನಡಿ ಇಳಿಸಿ, ‘ನೀವೇ ಬರೆದದ್ದಾ?’ ಎಂದು ಕೇಳಿದರು. ಹೌದೆಂದೆ. ಸಹಿ ಹಾಕಿದರು. ಮೆಚ್ಚಿಕೊಂಡಿರಬೇಕು.

ಫೋನ್ ಮಾಡಿದೆಯಾ ಎಂದು ಅಕ್ಕ ಕೇಳಿದಳು. ಆಗಲೇ ಹೇಳಿದೆನಲ್ಲ, ಅವರೇ ಬರುತ್ತಾರೆ ಎಂದೆ. ಅವಳು ಚಾವಣಿಯ ಕಡೆ ನೋಡುತ್ತ ಕೂತಿದ್ದಳು.

ಮಾರ್ಚ್ ೨೬, ಗುರುವಾರ

ಸಂಜೆ ಬೀದಿಯ ತಿರುವಿನಲ್ಲೇ ಜನ ಕಂಡರು. ನಮ್ಮ ಕಟ್ಟಡದ ಮುಂದೆ ಹಗ್ಗ ಕಟ್ಟಿದ್ದರು. ಹಾಸಿಗೆ, ಪಾತ್ರೆ, ಕುರ್ಚಿ, ಯಾರದೋ ಗೋಡೆ ಗಡಿಯಾರ, ಎಲ್ಲ ರಸ್ತೆಗೆ ಬಂದಿದ್ದವು. ಅಕ್ಕ ತನ್ನ ಮಿಷಿನ್ನಿನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಸುತ್ತ ಯಾರೂ ಇರಲಿಲ್ಲ.

ನಾನು ಕಚೇರಿಗೆ ಹೋದ ಮೇಲೆ ಗಾಜಿನ ಚೂರುಗಳ ಗಂಟನ್ನು ಚೀಲದಲ್ಲಿಟ್ಟುಕೊಂಡು, ಆ ಮಂಡಿಯಲ್ಲಿ ಎರಡು ಬಸ್ಸು ಬದಲಿಸಿ, ಇಂಜಿನಿಯರ್ ಆಫೀಸಿಗೆ ಹೋಗಿದ್ದಾಳೆ. ಎಲ್ಲವನ್ನೂ ಹೇಳಿದ್ದಾಳೆ. ಇಂಜಿನಿಯರ್ ಅವಳನ್ನೇ ಜೀಪಿನಲ್ಲಿ ಕೂರಿಸಿಕೊಂಡು ಬಂದು ಗೋಡೆ ನೋಡಿ, ವಾಲಿದ ಬಾಗಿಲ ಚೌಕಟ್ಟು ನೋಡಿ, ನಮ್ಮ ಬಾಗಿಲಿಗೆ ಸೋಪು ಹಚ್ಚಿದ್ದು ಯಾರು ಎಂದು ಕೇಳಿದರಂತೆ. ಅಕ್ಕ ತಾನೇ ಎಂದಿದ್ದಾಳೆ. ಕತ್ತಲಾಗುವುದರೊಳಗೆ ಎಲ್ಲರೂ ಖಾಲಿ ಮಾಡಬೇಕೆಂದು ಆದೇಶವಾಯಿತು.

ಮೇಲಿನ ಮನೆಯವಳು ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಪಾತ್ರೆ ಇಳಿಸುತ್ತಿದ್ದಳು. ನನ್ನನ್ನು ನೋಡಿ, ಆದರೆ ಅಕ್ಕನಿಗೆ ಕೇಳುವ ಹಾಗೆ, ಗಾಜು ಬದಲಾಯಿಸಿದವರೂ ಇವರೇ, ಈಗ ಹೋಗಿ ಹೇಳಿ ನಮ್ಮನ್ನು ಬೀದಿಗೆ ಹಾಕಿದವರೂ ಇವರೇ ಎಂದಳು. ಫ್ರೇಮ್ ಅಂಗಡಿಯವರು ಬಾಗಿಲಿಗೆ ಬೀಗ ಹಾಕುತ್ತ, ಅಮ್ಮನ ಫೋಟೋ ಅಂತ ಹೇಳಿ ನನ್ನ ಕೈಯಲ್ಲೇ ಗಾಜು ಕೊಯ್ಯಿಸಿದರಲ್ಲ ಎಂದು ಮುಖ ತಿರುಗಿಸಿದರು. ಅಕ್ಕ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು.

ನನಗೂ ಸಿಟ್ಟು ಬಂತು. ನಾನು ಹೇಳುತ್ತೇನೆ ಎಂದಿರಲಿಲ್ಲವೇ, ಒಂದು ವಾರ ತಡೆಯಲು ಏನಾಗಿತ್ತು ಎಂದು ಅವಳನ್ನೇ ಬೈದೆ. ‘ನೀನು ಹೇಳ್ತಿರಲಿಲ್ಲ’ ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಬಟ್ಟೆ ಸಾಲದು ಎಂದು ಗಿರಾಕಿಗೆ ಹೇಳುವಂತೆ ಹೇಳಿದಳು.

ಮಾರ್ಚ್ ೩೧, ಮಂಗಳವಾರ

ಊರ ಇನ್ನೊಂದು ತುದಿಯಲ್ಲಿ ಒಂದೇ ಕೋಣೆ ಸಿಕ್ಕಿದೆ. ಮಿಷಿನ್ ಇಡಬಹುದು, ಓಡಿಸಬಾರದು ಎಂಬ ಷರತ್ತಿಗೆ ಅಕ್ಕ ಒಪ್ಪಿಕೊಂಡಳು. ಅವಳು ಕೈಹೊಲಿಗೆ ಹಾಕುತ್ತಾಳೆ, ನಾನು ಕಚೇರಿಯಿಂದ ಬಂದು ದಾರ ಪೋಣಿಸಿಟ್ಟು ಅಂಚು ಮಡಿಸುತ್ತೇನೆ. ನನ್ನ ಹೊಲಿಗೆ ಹಾವು ಹರಿದ ಹಾಗಿದೆ ಎಂದು ಬಿಚ್ಚಿಸಿದಳು. ಎರಡನೆಯ ಸಲದ್ದು ಪಾಸಾಯಿತು.

ಹಳೆಯ ಗಿರಾಕಿಗಳು ಯಾರೂ ಬಂದಿಲ್ಲ. ದೂರ ಎಂದೇ ಇರಬಹುದು.

ಏಪ್ರಿಲ್ ೧೧, ಶನಿವಾರ

ಕಚೇರಿಯಿಂದ ನೇರವಾಗಿ ಮನೆಗೆ ಬರುವುದು ಬಿಟ್ಟು ದಿನಾ ಹಳೆಯ ಬೀದಿಗೆ ಹೋಗಿ ಬರುತ್ತಿದ್ದೇನೆ. ಪಕ್ಕದ ಪಾಯದ ಕೆಲಸ ನಿಲ್ಲಿಸಿದ್ದಾರೆ, ಮೊನ್ನೆಯ ಮಳೆಗೆ ಅದರಲ್ಲಿ ನೀರು ನಿಂತಿದೆ. ನಮ್ಮ ಗೋಡೆ ಮಾತ್ರ ಹಾಗೇ ನಿಂತಿದೆ, ಕಲ್ಲುಗುಂಡಿನ ಹಾಗೆ. ಹಗ್ಗದ ಈಚೆ ನಿಂತು ಫ್ರೇಮ್ ಅಂಗಡಿಯವರೂ ನೋಡುತ್ತಿರುತ್ತಾರೆ. ‘ಎಲ್ಲಿ ಬಿತ್ತು? ಸುಮ್ಮನೆ ಹೊಟ್ಟೆ ಮೇಲೆ ಹೊಡೆದರು’ ಎಂದು ನನಗೆ ಕೇಳುವ ಹಾಗೆ ಹೇಳಿದರು. ಮೇಲಿನ ಮನೆಯವಳು ನಾದಿನಿಯ ಮನೆಯ ಮೂಲೆಯಲ್ಲಿ ಮಗುವನ್ನು ಇಟ್ಟುಕೊಂಡು ಕಷ್ಟಪಡುತ್ತಿದ್ದಾಳಂತೆ, ದಿನಕ್ಕೆ ಹತ್ತು ಸಲ ಅಕ್ಕನಿಗೆ ಶಾಪ ಹಾಕುತ್ತಾಳಂತೆ. ಅದನ್ನೂ ಅವರೇ ಹೇಳಿದರು.

ಇವತ್ತು ಅಲ್ಲಿ ನಿಂತಿದ್ದಾಗ ನನಗೆ ನನ್ನ ಮನಸ್ಸು ಗೊತ್ತಾಯಿತು. ನಾನು ನೋಡಲು ಹೋಗುತ್ತಿಲ್ಲ. ಬೀಳಲಿ ಎಂದು ಕಾಯಲು ಹೋಗುತ್ತಿದ್ದೇನೆ. ಬಿದ್ದರೆ ಎಲ್ಲರ ಬಾಯಿಗೆ ಬೀಗ ಬೀಳುತ್ತದೆ, ಅಕ್ಕ ತಲೆಯೆತ್ತಿ ಓಡಾಡುತ್ತಾಳೆ.

ಮನೆಗೆ ಬಂದು ಅದನ್ನು ಅವಳಿಗೆ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟಳು.

‘ಹಾಗನ್ಬೇಡ ಕಣೇ. ಇಷ್ಟು ವರ್ಷ ನಮ್ಮನ್ನ ಹೊತ್ಕೊಂಡಿದ್ದ ಗೋಡೆ. ನನ್ನ ನಾಲ್ಕು ಜನ ಬೈದ್ರೆ ಬೈಯ್ಲಿ, ಅದು ನಿಂತಿರ್ಲಿ. ಹೇಗಾದ್ರೂ ರಿಪೇರಿ ಮಾಡಿ ಅವ್ರವ್ರ ಮನೆ ಅವ್ರಿಗೆ ಸಿಕ್ಕಿದ್ರೆ ಸಾಕು.’

‘ಆಮೇಲೆ ಎಲ್ಲರೂ ನಿನ್ನನ್ನ ಹುಚ್ಚಿ ಅಂತಾರೆ.’

‘ಅನ್ಲಿ ಬಿಡು.’

ಈ ಸಲದ ‘ಬಿಡು’ವಿಗೆ ನನಗೆ ರೇಗಲಿಲ್ಲ. ಊಟಕ್ಕೆ ತಟ್ಟೆ ಹಾಕಿದೆ.

ಏಪ್ರಿಲ್ ೧೫, ಬುಧವಾರ

‘ಪಿ’ ಕಟ್ಟು ಅಚ್ಚಿಗೆ ಹೊರಡುವುದರಲ್ಲಿತ್ತು. ಭೂತಗನ್ನಡಿಯವರ ಮುಂದೆ ಹೋಗಿ ಪೋರ್ಟೆಂಡ್ ನಮೂದು ವಾಪಸು ಬೇಕು ಎಂದೆ. ಯಾಕೆ ಎಂದರು. ಅದನ್ನು ಅಕ್ಕನಿಗೆ ಓದಿ ಕೇಳಿಸಿಲ್ಲ, ಕೇಳಿಸಿದ್ದು ಬೇರೆಯದು ಎಂದೆ. ಅವರು ಡ್ರಾಯರಿನಿಂದ ಅದನ್ನು ತೆಗೆದು ಕೊಟ್ಟರು. ಅಚ್ಚಿಗೆ ಹೋಗುವ ಕಟ್ಟಿನಲ್ಲಿ ಅವರು ಅದನ್ನು ಸೇರಿಸಿಯೇ ಇರಲಿಲ್ಲ.

ಮೊದಲಿನ ಹಾಗೆಯೇ ಬರೆದು, ಕೊನೆಗೆ ಒಂದು ಸಾಲು ಸೇರಿಸಿದೆ: ಗುರುತನ್ನು ಅಳಿಸಿದರೆ ಬರಲಿರುವುದು ನಿಲ್ಲುವುದಿಲ್ಲ. ನಿಘಂಟಿನಲ್ಲಿ ಇಂಥ ಸಾಲಿಗೆ ಜಾಗವಿಲ್ಲ ಎಂದು ಅದನ್ನು ಹೊಡೆದು ಹಾಕಿದರು. ಉಳಿದದ್ದಕ್ಕೆ ಸಹಿ ಹಾಕಿದರು. ನಾನು ವಾದ ಮಾಡಲಿಲ್ಲ.

ಏಪ್ರಿಲ್ ೨೨, ಬುಧವಾರ

ಬೆಳಿಗ್ಗೆ ಒಂಬತ್ತರ ಸುಮಾರಿಗೆ ಗೋಡೆ ಬಿತ್ತು. ಎರಡು ದಿನ ಬಿಡದೆ ಸುರಿದ ಮಳೆಗೆ ಪಾಯದ ಅಂಚು ಕುಸಿದು, ಆ ಇಡೀ ಬದಿ ಮೇಲಿನಿಂದ ಕೆಳಗಿನವರೆಗೆ ಗುಂಡಿಗೆ ಇಳಿಯಿತು. ಕಟ್ಟಡದಲ್ಲಿ ಯಾರೂ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಕಚೇರಿಗೆ ಇಂಜಿನಿಯರ್ ಫೋನ್ ಮಾಡಿ ತಿಳಿಸಿದರು. ನಾನು ರಜೆ ಹಾಕಿ ಮನೆಗೆ ಬಂದೆ.

ಇಷ್ಟು ದಿನ ಕಾದದ್ದು ಬಂದಾಗ ಎದೆಯಲ್ಲಿ ಸಂತೋಷದ ಒಂದು ಎಳೆಯೂ ಇರಲಿಲ್ಲ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿ, ಕೊನೆಗೆ ಬಾಗಿಲಲ್ಲೇ ‘ಬಿತ್ತು ಅಕ್ಕ’ ಎಂದುಬಿಟ್ಟೆ. ಅವಳು ಹೊಲಿಯುತ್ತಿದ್ದ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅಮ್ಮ ಹೋದಾಗ ನನ್ನೆದುರು ಅತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಎಷ್ಟು ಬಡಕಲಾಗಿದ್ದಾಳೆ ಎಂಬುದು ಕೈಗೆ ತಿಳಿಯಿತು.

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಮೇಲಿನ ಮನೆಯವಳು, ಮಳೆಯಲ್ಲಿ ನೆನೆದು, ಮಗುವನ್ನು ಮಾತ್ರ ಸೆರಗಿನೊಳಗೆ ನೆನೆಯದಂತೆ ಹಿಡಿದುಕೊಂಡು ನಿಂತಿದ್ದಳು. ನಾನು ಟವೆಲ್ ಕೊಟ್ಟೆ. ತೆಗೆದುಕೊಂಡಳು, ಒರೆಸಿಕೊಳ್ಳಲಿಲ್ಲ. ಅಲ್ಲಿಂದಲೇ ನೇರವಾಗಿ ಬಂದಿದ್ದಳು. ರಸ್ತೆಯಿಂದ ಅವಳ ಮನೆಯ ಒಳಗೆಲ್ಲ ಕಾಣುತ್ತಿದೆಯಂತೆ, ಅಡುಗೆಯ ಗೂಡು, ಮೊಳೆಗೆ ನೇತುಹಾಕಿದ್ದ ಕ್ಯಾಲೆಂಡರ್. ಅದರಾಚೆ ನೆಲವೇ ಇಲ್ಲವಂತೆ. ಅಷ್ಟು ಹೇಳಿ ನೆಲಕ್ಕೆ ಕುಸಿದು ಕೂತು, ಅಕ್ಕನ ಮುಖ ನೋಡಲಾಗದೆ ಮಗುವಿನ ತಲೆ ನೋಡುತ್ತ ಹೇಳಿದಳು:

‘ತೊಟ್ಟಿಲು ಆ ಮೂಲೇಲೇ ಕಟ್ಟಿದ್ದೆ ಅಕ್ಕ. ಒಂಬತ್ತು ಗಂಟೆಗೆ ಇವನು ಅದರಲ್ಲೇ ಮಲಗಿರ್ತಿದ್ದ.’

‘ಗೊತ್ತಮ್ಮ’ ಎಂದಳು ಅಕ್ಕ. ‘ಮಿಷಿನ್ ನಿಲ್ಲಿಸಿದಾಗೆಲ್ಲ ತೊಟ್ಟಿಲ ಸದ್ದು ಕೇಳ್ತಿತ್ತು. ನನ್ನ ತಲೆ ಮೇಲೇ. ಗಾಜು ಎರಡನೇ ಸಲ ಒಡೆದ ಮೇಲೆ ಅದೊಂದೇ ಕೇಳ್ತಿತ್ತು. ಬಟ್ಟೆ ಹೊಲಿಯೋಕೇ ಆಗ್ಲಿಲ್ಲ. ಅದಕ್ಕೇ ಹೋದೆ.’

ಮಗು ಏನೋ ಸದ್ದು ಮಾಡುತ್ತಿತ್ತು. ಅಕ್ಕ ಕೊಡು ಎಂದು ಕೈಚಾಚಿದಳು, ತಾಯಿ ಕೊಟ್ಟಳು, ಅಕ್ಕ ತೊಡೆಯ ಮೇಲೆ ಹಾಕಿಕೊಂಡಳು.

ಆ ಹೊಲಿಗೆ ಕೋಣೆಯಲ್ಲಿ ಅಕ್ಕನ ಎದುರು ಕೂತು ನಾನು ‘ಎ’ಯಿಂದ ‘ಪಿ’ವರೆಗೆ ಗಟ್ಟಿಯಾಗಿ ಓದಿದ್ದೇನೆ. ಉತ್ತರ ಹೇಳಲು ಅವಳು ಪ್ರತಿ ಸಲ ಮಿಷಿನ್ ನಿಲ್ಲಿಸುತ್ತಿದ್ದಳು. ಆ ತೊಟ್ಟಿಲು ನನಗೆ ಒಂದು ದಿನವೂ ಕೇಳಿಸಿರಲಿಲ್ಲ.